ಆರುನೂರು ಗಜಕ್ಕೆ ಗುರಿ ಕೂಡಿಸಿದ್ದು

ಹತ್ತು ಗುಂಡುಗಳಲ್ಲಿ ಮೊದಲ ಮೂರು ಹಲಗೆಯ ನಡುವಿನ ಕಪ್ಪು ವೃತ್ತಕ್ಕೇ ಬಿದ್ದವು. ನಾಲ್ಕನೆಯದು, ಐದನೆಯದು ವೃತ್ತದ ಹೊರಗೆ ಅಂಚಿನ ಹತ್ತಿರ. ಅಲ್ಲಿಂದ ಮುಂದೆ ಒಂದೊಂದು ಗುಂಡೂ ಮೆಟ್ಟಿಲು ಹತ್ತಿದಂತೆ ಬಲಕ್ಕೂ ಮೇಲಕ್ಕೂ ಸರಿಯುತ್ತ ಹೋಗಿ, ಹತ್ತನೆಯದು ಹಲಗೆಯನ್ನೇ ಬಿಟ್ಟು ಹಿಂದಿನ ಗುಡ್ಡದ ಬಂಡೆಗೆ ಬಡಿಯಿತು. ಹಲಗೆಯ ಕೆಳಗಿನ ಕಂದಕದಿಂದ ಕೆಂಪು ಬಾವುಟ ಎದ್ದು ಎಡಕ್ಕೂ ಬಲಕ್ಕೂ ಆಡಿತು. ಗುಂಡು ತಪ್ಪಿದೆ ಎಂಬುದಕ್ಕೆ ಅದೇ ಗುರುತು.

ಗುಂಡು ಹೊಡೆದ ನಮ್ಮ ಹವಾಲ್ದಾರರು ಬೋರಲು ಮಲಗಿದವರು ಹಾಗೇ ಇದ್ದರು. ಬಾವುಟ ಇಳಿದ ಮೇಲೂ ಆ ಕಡೆಗೇ ನೋಡುತ್ತಿದ್ದರು.

ಆಗ ಎರಡನೆಯ ಮಹಾಯುದ್ಧ ಶುರುವಾಗಿ ಒಂದು ವರ್ಷ ದಾಟಿತ್ತು. ಆದೋನಿಯಲ್ಲಿ ಇಪ್ಪತ್ತೆರಡು ಜನರ ನಮ್ಮ ಸಶಸ್ತ್ರ ಪೊಲೀಸ್ ತುಕಡಿ. ನಾನು ಅದರಲ್ಲಿ ಇನ್ನೂ ಪ್ರೊಬೇಶನ್ ಮುಗಿಯದ ಸಬ್ ಇನ್ಸ್‌ಪೆಕ್ಟರ್; ಗುಂಡಿನ ತರಬೇತಿ ನನ್ನ ಪಾಲಿಗೆ ಬಂದಿತ್ತು. ಗುಂಡು ಹಾರಿಸುವ ಬಯಲಿಗೆ ನಮ್ಮಲ್ಲಿ ಚಾಂದಮಾರಿ ಎನ್ನುತ್ತಿದ್ದರು. ಆಲೂರು ರಸ್ತೆಯಿಂದ ಒಳಗೆ, ಎರೆ ಹೊಲಗಳು ಮುಗಿದು ಬಂಡೆಗುಡ್ಡ ಎದ್ದು ನಿಲ್ಲುವ ಕಡೆ ಅದು ಇತ್ತು. ವರ್ಷಕ್ಕೊಮ್ಮೆ ಪ್ರತಿಯೊಬ್ಬನೂ ತನ್ನ ಹೆಸರಿಗೆ ನಂಬರು ಬಿದ್ದ ರೈಫಲಿನಿಂದ ಆರುನೂರು ಗಜ ದೂರದ ಹಲಗೆಗೆ ಹತ್ತು ಗುಂಡು ಹೊಡೆಯಬೇಕು. ಕಪ್ಪಿಗೆ ಬಿದ್ದರೆ ನಾಲ್ಕು ಅಂಕ, ಸುತ್ತಿನ ಉಂಗುರಕ್ಕೆ ಮೂರು, ಹಲಗೆಯಲ್ಲಿ ಉಳಿದೆಡೆ ಬಿದ್ದರೆ ಒಂದು. ನಲವತ್ತಕ್ಕೆ ಇಪ್ಪತ್ತೆಂಟು ಬಂದರೆ ಪಾಸು. ಹವಾಲ್ದಾರರಿಗೆ ಬಂದದ್ದು ಇಪ್ಪತ್ತೆರಡು. ಹಿಂದೆ ಇದೇ ಹಲಗೆಗೆ ಮೂವತ್ತೆಂಟು ಹೊಡೆದ ಮನುಷ್ಯ.

ಇನ್ಸ್‌ಪೆಕ್ಟರರು ದುರ್ಬೀನು ಕೆಳಗಿಳಿಸಿದರು. ಅವರ ಮನೆಮಾತು ತೆಲುಗು, ಆದರೂ ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತಿತ್ತು.

"ಏಮಯ್ಯಾ ಬಿ.ಎ., ನೋಡಿದಿ? ಕಣ್ಣು ಹೋಗ್ಯಾವ ಈತಗ."

"ಮೊದಲಿನ ಮೂರು ಸರಿ ಬಿದ್ದಾವಲ್ರಿ ಸಾರ್," ಎಂದೆ.

"ಮೂರರ ತನಕ ಕಣ್ಣು ತಡೀತಾವ, ಆಮ್ಯಾಲೆ ನೀರು ಬರ್ತಾವ. ವಯಸ್ಸು ಅಂದ್ರ ಅದ. ಮೂರು ವಾರ ಬಿಟ್ಟು ಇನ್ನೊಂದು ಸಲ ಹೊಡೀಲಿ, ರೂಲು ಐತಿ. ಆಗಲೂ ಆಗಲಿಲ್ಲ ಅಂದ್ರ ದೃಷ್ಟಿ ಸಾಲದು ಅಂತ ರಿಪೋರ್ಟು ನೀನ ಬರಿ. ಮನಿಗೆ ಕಳಸೋಣು."

ಹವಾಲ್ದಾರರ ಸರ್ವೀಸು ಇಪ್ಪತ್ತೆರಡು ವರ್ಷ. ಪೂರ್ತಿ ಪಿಂಚಣಿಗೆ ಇನ್ನು ಮೂರು ವರ್ಷ ಇತ್ತು. ಆದರೆ ಅವರನ್ನು ಕುಟುಕಿದ್ದು ಪಿಂಚಣಿಯಲ್ಲ. ಹಾಲಹರವಿ ಕಡೆಯ ಅವರ ಹಳ್ಳಿಯಲ್ಲಿ ಅವರನ್ನು ಕರೆಯುವುದೇ 'ಗುರಿಕಾರ' ಎಂದು. ಕಣ್ಣು ಹೋದವನು ಎನ್ನಿಸಿಕೊಂಡು ಅಲ್ಲಿಗೆ ಹೋಗುವುದು ಅವರಿಂದ ಆಗದ ಮಾತು.

ಇನ್ಸ್‌ಪೆಕ್ಟರರು ಕುದುರೆ ಹತ್ತಿ ಹೋದ ಮೇಲೆ ಅವರು ಬಟ್ಟೆಯ ದೂಳು ಕೊಡವಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಸಾಹೇಬ್ರ, ಕಣ್ಣು ಹೋಗಿದ್ರ ಮೊದಲಿನ ಮೂರು ಯಾರು ಹೊಡದ್ರು? ನಮ್ಮ ಮಾವ ಬಂದು ಹೊಡದ್ನೇನು?"

ನನ್ನ ತಲೆಯಲ್ಲೂ ಅದೇ ಪ್ರಶ್ನೆ ಇತ್ತು.

ನಮ್ಮ ವಂಶದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಅಪ್ಪ ಹತ್ತಿ ಜಿನ್ನಿನಲ್ಲಿ ಅಂಡಿಗೆ ಹೊರುತ್ತಿದ್ದ. ನಾನು ಅನಂತಪುರದಲ್ಲಿ ಓದಿ ಭೌತಶಾಸ್ತ್ರದಲ್ಲಿ ಬಿ.ಎ. ಮಾಡಿದೆ; ಆಗ ವಿಜ್ಞಾನ ಓದಿದವರಿಗೂ ಬಿ.ಎ. ಡಿಗ್ರಿಯನ್ನೇ ಕೊಡುತ್ತಿದ್ದರು. ಹೇಳಿಕೊಳ್ಳಲು ನನಗೆ ಎಂದೂ ನಾಚಿಕೆಯಾಗಿಲ್ಲ. ಆದರೆ ಪೊಲೀಸ್ ಲೈನಿನಲ್ಲಿ ಆ ಎರಡಕ್ಷರ ನನಗೆ ಅಡ್ಡಹೆಸರಾಗಿತ್ತು. ಬೂಟಿಗೆ ಪಾಲೀಷು ಸಾಲದಿದ್ದರೂ 'ಬಿ.ಎ. ಸಾಹೇಬ್ರ ಬೂಟು' ಎನ್ನುತ್ತಿದ್ದರು. ಓದಿದ್ದು ಕೆಲಸಕ್ಕೆ ಬರುತ್ತದೆಂದು ತೋರಿಸಲು ನನಗೂ ಒಂದು ಅವಕಾಶ ಬೇಕಾಗಿತ್ತು. ಹವಾಲ್ದಾರರ ಮೇಲಿನ ಮರುಕವೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ.

ಮೊದಲು ಮಾಡಿದ ಕೆಲಸ, ನೋಟುಪುಸ್ತಕದಲ್ಲಿ ಹಲಗೆಯ ಚಿತ್ರ ಬರೆದು, ಆ ಹತ್ತು ಗುಂಡುಗಳು ಬಿದ್ದ ಜಾಗದಲ್ಲಿ ಒಂದು, ಎರಡು, ಮೂರು ಎಂದು ಸರದಿಯ ಅಂಕೆ ಹಾಕಿದ್ದು. ನಮ್ಮಲ್ಲಿ ಅಂಕಗಳ ಮೊತ್ತ ಮಾತ್ರ ಬರೆದಿಡುತ್ತಿದ್ದರು. ಯಾವ ಗುಂಡು ಯಾವಾಗ ಎಲ್ಲಿ ಬಿತ್ತು ಎಂದು ಯಾರೂ ಬರೆಯುತ್ತಿರಲಿಲ್ಲ. ಬರೆದು ನೋಡಿದರೆ ಅದು ಚೆಲ್ಲಾಪಿಲ್ಲಿ ಬಿದ್ದದ್ದಲ್ಲ. ಗೆರೆ ಎಳೆದ ಹಾಗೆ ಒಂದೇ ದಿಕ್ಕಿಗೆ ನಡೆದಿತ್ತು. ಕಣ್ಣು ಸೋತವನ ಗುಂಡು ನಾಲ್ಕೂ ದಿಕ್ಕಿಗೆ ಹೋಗಬೇಕು. ಇದು ಯಾಕೆ ಒಂದೇ ಕಡೆಗೆ ಹೋಗುತ್ತದೆ?

ಆದರೂ ಕಣ್ಣನ್ನು ಪರೀಕ್ಷಿಸದೆ ಬಿಡುವಂತಿರಲಿಲ್ಲ. ರಟ್ಟಿನ ಮೇಲೆ ಮೂರು ಹಲ್ಲಿನ ಹಣಿಗೆಯಂಥ ಗುರುತುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆದು ದೂರದಲ್ಲಿ ನಿಲ್ಲಿಸಿದೆ. ಹಲ್ಲು ಯಾವ ಕಡೆಗಿದೆ ಎಂದು ಹವಾಲ್ದಾರರು ಕೈಯಿಂದ ತೋರಿಸಬೇಕು. ಒಂದೂ ತಪ್ಪಲಿಲ್ಲ. ಕೊನೆಯ ಸಾಲು ನನಗೇ ಕಾಣಿಸುತ್ತಿರಲಿಲ್ಲ.

"ಎಲ್ಲಾ ಸರಿ ಐತ್ರಿ," ಎಂದರು ಅವರು. "ಆದ್ರ ಕಡೀ ಸಾಲಿನ್ಯಾಗ ಮೂರನೇದು ವಾರಿ ಐತಿ. ಬರದಾವಗ ಕೈ ನಡುಗ್ಯಾವ."

ಬರೆದವನು ನಾನೇ. ಕಣ್ಣಿನ ವಿಚಾರ ಅಲ್ಲಿಗೆ ಮುಗಿಯಿತು.

ಅಭ್ಯಾಸಕ್ಕೆ ಉಳಿದ ತೋಟಾಗಳು ತಲೆಗೆ ಇಪ್ಪತ್ತು. ಯುದ್ಧದ ಕಾಲ, ಒಂದು ತೋಟಾ ಹೆಚ್ಚು ಕೇಳಿದರೂ ಬಳ್ಳಾರಿಯ ಜಿಲ್ಲಾ ಕಚೇರಿಯಿಂದ ಬೈಗುಳ ಬರುತ್ತಿತ್ತು. ಆದ್ದರಿಂದ ಒಂದು ಸಲಕ್ಕೆ ಒಂದೇ ಕಾರಣವನ್ನು ಪರೀಕ್ಷಿಸಬೇಕೆಂದು ಗೊತ್ತುಮಾಡಿಕೊಂಡೆ.

ಮೊದಲ ಅನುಮಾನ ಬಿಸಿಲಿನ ಮೇಲೆ. ಯುಗಾದಿಯ ಮುಂಚಿನ ದಿನಗಳಲ್ಲಿ ಎರೆ ಭೂಮಿ ಹತ್ತು ಗಂಟೆಗೇ ಕಾದು, ನೆಲಕ್ಕೆ ಅಂಟಿಕೊಂಡ ಗಾಳಿ ಕುದಿಯುವ ನೀರಿನ ಹಾಗೆ ಅಲುಗುತ್ತದೆ. ಆ ಬಿಸಿಲುಗುದುರೆಯಲ್ಲಿ ದೂರದ ಹಲಗೆ ಇದ್ದ ಜಾಗಕ್ಕಿಂತ ಮೇಲೆ ತೇಲಿದಂತೆ ಕಾಣುತ್ತದೆ. ಕಂಡದ್ದಕ್ಕೆ ಹೊಡೆದರೆ ಗುಂಡು ಮೇಲೆ ಹೋಗುವುದು ಸಹಜ. ಅದಕ್ಕೆ ಒಂದು ದಿನ ಸೂರ್ಯ ಗುಡ್ಡ ಬಿಟ್ಟು ಮೇಲೇಳುವ ಮುಂಚೆಯೇ, ನೆಲ ತಣ್ಣಗಿದ್ದಾಗ, ತೋಟಾಗಳನ್ನು ಒದ್ದೆ ಬಟ್ಟೆಯ ನೆರಳಿನಲ್ಲಿಟ್ಟು ಐದು ಗುಂಡು ಹೊಡೆಸಿದೆ. ಮೊದಲ ಎರಡು ಕಪ್ಪಿಗೆ. ಆಮೇಲೆ ಮತ್ತೆ ಬಲಕ್ಕೆ, ಮೇಲಕ್ಕೆ. ಐದೂ ಹಲಗೆಯಲ್ಲೇ ಇದ್ದವು ಅಷ್ಟೆ.

ಎರಡನೆಯದು ಗಾಳಿ. ಗುಂಡು ಆರುನೂರು ಗಜ ದಾಟುವಷ್ಟರಲ್ಲಿ ಅಡ್ಡಗಾಳಿ ಅದನ್ನು ಎರಡು ಮೂರು ಅಡಿ ತಳ್ಳಬಲ್ಲದು. ನಮ್ಮವರು ಮಲಗಿದ ಜಾಗದಲ್ಲಿ ಮಣ್ಣು ತೂರಿ ಗಾಳಿ ನೋಡುತ್ತಿದ್ದರು. ಆದರೆ ನಾವಿರುವಲ್ಲಿ ಬೀಸುವ ಗಾಳಿಯೇ ನಾಲ್ಕುನೂರು ಗಜದ ಆಚೆ ಬೀಸುತ್ತದೆಂದು ಹೇಳುವಂತಿಲ್ಲ. ಗುಡ್ಡದ ಬುಡದಲ್ಲಿ ಅದು ತಿರುಗಿ ಬೀಸುತ್ತದೆ. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು. ಒಂದು ಹಿಡಿ ಅರಳೆ ಕೇಳಿ ತಂದು, ಎಳೆಯೆಳೆಯಾಗಿ ಬಿಡಿಸಿ, ನೂರು ನೂರು ಗಜಕ್ಕೊಂದು ಕೋಲು ನೆಟ್ಟು ತುದಿಗೆ ಕಟ್ಟಿಸಿದೆ. ಬಟ್ಟೆ ಅಲುಗದ ಗಾಳಿಗೂ ಅರಳೆ ಅಲುಗುತ್ತದೆ. ಎಲ್ಲ ಕೋಲುಗಳ ಅರಳೆಯೂ ಒಂದೇ ಹದಕ್ಕೆ ಬಂದಾಗ ಮಾತ್ರ ಟ್ರಿಗರ್ ಎಳೆಯಬೇಕು. ಇದರಿಂದ ಉಳಿದವರ ಗುರಿ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಇಪ್ಪತ್ತಾರಕ್ಕೆ ಕುಂಟುತ್ತಿದ್ದ ಪೇದೆಯೊಬ್ಬ ಮೂವತ್ತೊಂದು ಹೊಡೆದ.

ಹವಾಲ್ದಾರರ ಐದು ಗುಂಡು ಮಾತ್ರ ಹಳೆಯ ದಾರಿಯನ್ನೇ ಹಿಡಿದವು.

"ಬಿಡ್ರಿ ಸಾಹೇಬ್ರ," ಎಂದರು. "ಊರ ಮಂದೀನೆಲ್ಲಾ ಉದ್ಧಾರ ಮಾಡಿದ್ರಿ. ನನ್ನ ನಸೀಬದಾಗ ಇಲ್ಲ."

ಹತ್ತು ತೋಟಾ ಖರ್ಚಾಗಿತ್ತು. ಹನ್ನೆರಡು ದಿನ ಉಳಿದಿದ್ದವು. ಆ ರಾತ್ರಿ ನಾನು ಚೆನ್ನಾಗಿಯೇ ನಿದ್ದೆ ಮಾಡಿದೆ. ಬೆಳಗ್ಗೆ ಹಲ್ಲುಜ್ಜುವಾಗ ಮೊದಲೇ ಮಾಡಬೇಕಾಗಿದ್ದ ಕೆಲಸ ಹೊಳೆಯಿತು. ಕಾಲೇಜಿನ ಲ್ಯಾಬಿನಲ್ಲಿ ತಕ್ಕಡಿ ತಪ್ಪು ತೋರಿಸಿದರೆ ಮೊದಲು ತಟ್ಟೆಗಳನ್ನು ಅದಲುಬದಲು ಮಾಡು ಎಂದು ಕಲಿಸಿದ್ದರು. ನನ್ನ ಪಾಲಿನ ತೋಟಾಗಳನ್ನು ತಂದು ಹವಾಲ್ದಾರರ ಕೈಗೆ ನನ್ನ ರೈಫಲ್ ಕೊಟ್ಟೆ. ಐದರಲ್ಲಿ ನಾಲ್ಕು ಕಪ್ಪಿಗೆ, ಒಂದು ಉಂಗುರಕ್ಕೆ. ಅವರ ರೈಫಲನ್ನು ನಾನು ಹಿಡಿದೆ. ನನ್ನ ಐದು ಗುಂಡುಗಳೂ ಬಲಕ್ಕೆ, ಮೇಲಕ್ಕೆ ನಡೆದವು.

ಕಂದಕದಿಂದ ಗುರುತು ಬರುತ್ತಿದ್ದಂತೆ ಹವಾಲ್ದಾರರ ಮುಖ ಅರಳಿ, ಮರುಕ್ಷಣವೇ ಬಾಡಿತು.

"ಅಂದ್ರ ಈಕಿ ಕೆಟ್ಟಾಳ ಅಂದಂಗಾತು," ಎಂದು ರೈಫಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೈಯಾಡಿಸಿದರು. "ಹನ್ನೊಂದು ವರ್ಷ ಕೂಡ ಇದ್ದಾಳ್ರಿ. ಒಂದ ದಿನ ಎಣ್ಣಿ ತಪ್ಪಿಸಿಲ್ಲ."

ಬೇರೆ ರೈಫಲ್ ಕೊಟ್ಟರೆ ಮುಗಿಯಿತಲ್ಲ ಎಂದು ಇಂದಿನವರು ಕೇಳಬಹುದು. ಹೆಚ್ಚಿನ ರೈಫಲುಗಳನ್ನೆಲ್ಲ ಸೈನ್ಯಕ್ಕೆ ಒಯ್ದಿದ್ದರು. ಇದ್ದದ್ದು ತಲೆಗೊಂದು. ಬದಲಿಸಬೇಕಾದರೆ ರೈಫಲ್ ಕೆಟ್ಟಿದೆ ಎಂದು ಇಲಾಖೆಯ ಬಂದೂಕು ರಿಪೇರಿಯವನೇ ಬಂದು ನೋಡಿ ಬರೆದುಕೊಡಬೇಕು. ಬಳ್ಳಾರಿಗೆ ಕಾಗದ ಬರೆದೆ. ಎರಡು ತಿಂಗಳ ನಂತರ ಬರುತ್ತಾನೆ ಎಂದು ಉತ್ತರ ಬಂತು. ಇನ್ಸ್‌ಪೆಕ್ಟರರಿಗೆ ಅದಲುಬದಲಿನ ಲೆಕ್ಕ ತೋರಿಸಿದರೆ, "ಐದು ಗುಂಡಿಗೆ ಏನ್ ಗೊತ್ತಾಗ್ತೈತಯ್ಯಾ? ನಿಂದೂ ಕಣ್ಣು ಹೋಗ್ಯಾವೇನೋ, ಕನ್ನಡಕ ಹಾಕ್ಕೋತಿ" ಎಂದು ನಕ್ಕರು.

ರೈಫಲಿನ ಉಕ್ಕಿನ ನಳಿಕೆಯನ್ನು ಮೇಲೂ ಕೆಳಗೂ ಕಟ್ಟಿಗೆ ಅಪ್ಪಿಕೊಂಡಿರುತ್ತದೆ. ಮೇಲಿನ ತುಂಡನ್ನು ಬಿಚ್ಚಿ ಒರೆಸುವ ಹಕ್ಕು ನಮಗಿತ್ತು. ಕೆಳಗಿನ ಉದ್ದ ಕಟ್ಟಿಗೆಯನ್ನು ರಿಪೇರಿಯವನ ಹೊರತು ಯಾರೂ ಬಿಚ್ಚಬಾರದು. ಬಿಚ್ಚಿದರೆ ಶಿಸ್ತಿನ ಕ್ರಮ ಎಂದು ಆಯುಧದ ಕೋಣೆಯ ಗೋಡೆಗೇ ಬರೆದು ಹಾಕಿತ್ತು. ನಾನು ಮೇಲಿನ ತುಂಡು ಬಿಚ್ಚಿ, ತೆಳ್ಳನೆಯ ಕಾಗದದ ಪಟ್ಟಿಯನ್ನು ನಳಿಕೆಗೂ ಕೆಳಗಿನ ಕಟ್ಟಿಗೆಗೂ ನಡುವೆ ತೂರಿಸಿ ಎಳೆದೆ. ನನ್ನ ರೈಫಲಿನಲ್ಲಿ ಅದು ತಡೆಯಿಲ್ಲದೆ ಹರಿದಾಡಿತು. ಹವಾಲ್ದಾರರ ರೈಫಲಿನಲ್ಲಿ ಎಡಗಡೆ ಒಂದು ಗೇಣು ಹೋಗಿ ನಿಂತುಬಿಟ್ಟಿತು. ಒಳಗೆ ಏನೋ ಕೂತಿದೆ. ಕಾದ ಉಕ್ಕು ಹಿಗ್ಗುತ್ತದೆ. ಎಡದಿಂದ ಕೆಳಗಿನಿಂದ ಒತ್ತು ಬಿದ್ದರೆ ಅದು ಬಲಕ್ಕೆ ಮೇಲಕ್ಕೆ ಬಾಗದೆ ವಿಧಿಯಿಲ್ಲ. ತಣ್ಣಗಿದ್ದಾಗಿನ ಮೂರು ಗುಂಡು ಸರಿ ಬಿದ್ದು ಆಮೇಲಿನವು ನಡೆಯುವುದಕ್ಕೆ ಕಾರಣ ಕೈಗೆ ಸಿಕ್ಕಂತಾಯಿತು.

ಕೈಗೆ ಸಿಕ್ಕಿತು, ಆದರೆ ಬಿಚ್ಚುವಂತಿಲ್ಲ. ಎರಡು ದಿನ ಯೋಚಿಸಿದೆ. ಪ್ರೊಬೇಶನ್ನಿನಲ್ಲಿದ್ದವನನ್ನು ಒಂದೇ ಸಾಲಿನ ಕಾಗದದಲ್ಲಿ ಮನೆಗೆ ಕಳಿಸಬಹುದು. ನನ್ನ ಸಂಬಳದ ಮೇಲೆ ಅಪ್ಪ ಅಂಡಿಗೆ ಹೊರುವುದನ್ನು ಆಗಷ್ಟೇ ಬಿಟ್ಟಿದ್ದ. ಇನ್ನೊಂದು ಕಡೆ, ದೃಷ್ಟಿ ಸಾಲದು ಎಂಬ ಸುಳ್ಳಿನ ಕೆಳಗೆ ನಾನೇ ಸಹಿ ಹಾಕಬೇಕು. ಬರೆಯಲು ಓದಲು ಕಲಿತದ್ದು ಇದಕ್ಕಲ್ಲ ಎನ್ನಿಸಿತು. ಬಿಚ್ಚುವುದೆಂದು ನಿರ್ಧರಿಸಿದೆ. ಬಿಚ್ಚಿದ್ದನ್ನು ಮುಚ್ಚಿಡಬಾರದೆಂದೂ ಅದರ ಜೊತೆಗೇ ನಿರ್ಧರಿಸಿದೆ.

ಬಜಾರಿನಲ್ಲಿ ಬಂದೂಕು ರಿಪೇರಿಯ ಹಳೆಯ ಸಾಬರೊಬ್ಬರಿದ್ದರು. ಒಂದು ಕಾಲದಲ್ಲಿ ಪಲ್ಟನ್ನಿನ ಆಯುಧ ಕೊಠಡಿಯಲ್ಲಿ ದುಡಿದವರು. ಈಗ ಜಮೀನ್ದಾರರ ಶಿಕಾರಿ ಬಂದೂಕು, ಹೊಲಿಗೆ ಯಂತ್ರ ಎರಡನ್ನೂ ನೋಡಿಕೊಳ್ಳುತ್ತಿದ್ದರು. ನಾನು ರೈಫಲನ್ನು ಅವರ ಅಂಗಡಿಗೆ ಒಯ್ಯಲಿಲ್ಲ. ಸರಕಾರಿ ಆಯುಧ ಲೈನಿನಿಂದ ಹೊರಗೆ ಹೋಗಬಾರದು. ಸಾಬರನ್ನೇ ಟಾಂಗಾದಲ್ಲಿ ಕೂಡಿಸಿಕೊಂಡು ಬಂದೆ.

"ಕೈಕೂ ಬೇಟಾ, ನೌಕ್ರಿ ಬ್ಯಾಸರಾಗೈತೇನು?" ಎಂದರು ವಿಷಯ ಕೇಳಿ.

"ಇಲ್ಲ ಚಾಚಾ, ಈಗ ರುಚಿ ಹತ್ತೇತಿ."

ಸಾಬರು ತಿರುಪುಗಳನ್ನು ಒಂದೊಂದಾಗಿ ತೆಗೆದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಕಟ್ಟಿಗೆಯನ್ನು ಎಳೆಯಲಿಲ್ಲ, ಅಂಗೈಯಿಂದ ತಟ್ಟಿ ತಟ್ಟಿ ಸಡಿಲಿಸಿದರು. ಅದು ಬಿಟ್ಟು ಬಂದಾಗ ಒಳಗಿನ ತೋಡಿನಲ್ಲಿ ಎಡಗಡೆ, ಮೂರು ಬೆರಳಗಲ, ಬೂದುಬಣ್ಣದ ಗಟ್ಟಿ ಪದರವೊಂದು ಕೂತಿತ್ತು. ಉಗುರಿಗೆ ಮಣಿಯಲಿಲ್ಲ.

"ಅರೇ, ಯೇ ಕ್ಯಾ? ಹವಾಲ್ದಾರ್ ಸಾಬ್, ಬಂದೂಕಿಗೆ ಸುಣ್ಣ ಹೊಡ್ಸೀರೇನ್ರಿ? ಹಬ್ಬ ಬಂತಂತ?"

ನಾನು ಚೂರು ಕೆರೆದು ಮೂಸಿದೆ. ಅಗಸೆ ಎಣ್ಣೆಯ ವಾಸನೆ. ರೈಫಲಿನ ಕಟ್ಟಿಗೆ ಒಣಗಿ ಸೀಳದಿರಲೆಂದು ನಾವು ವಾರವಾರ ಹಚ್ಚುವ ಎಣ್ಣೆ ಅದೇ. ಅಗಸೆ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿ ಕಲಸಿದರೆ ಕಿಟಕಿಯ ಗಾಜು ಕೂಡಿಸುವ ಲಪ್ಪವಾಗುತ್ತದೆ, ಒಣಗಿದರೆ ಕಲ್ಲು. ಎಣ್ಣೆ ಸರಿ. ಪುಡಿ ಎಲ್ಲಿಂದ ಬಂತು?

ಹವಾಲ್ದಾರರ ಕಡೆ ತಿರುಗಿದೆ. ಅವರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಅವರೂ ಅದನ್ನೇ ಯೋಚಿಸುತ್ತಿದ್ದರೆಂದು ಕಾಣುತ್ತದೆ. ಕೈ ತನ್ನಷ್ಟಕ್ಕೆ ಹಣೆಗೆ ಹೋಯಿತು.

"ಸೋಮವಾರಕ್ಕೊಮ್ಮೆ," ಎಂದರು ಮೆಲ್ಲಗೆ. "ನೀರಾಗ ಕಲಸಿ, ಮುಂದಿನ ಕಟ್ಟಿಗಿ ಮ್ಯಾಲೆ ಮೂರು ಪಟ್ಟಿ ಎಳೀತಿದ್ದೆ. ಆಮ್ಯಾಲೆ ಎಣ್ಣಿ ಹಚ್ಚಿ ಒರಸ್ತಿದ್ದೆ."

ಒರೆಸಿದ ವಿಭೂತಿಯಲ್ಲಿ ಅಷ್ಟಿಷ್ಟು ಎಣ್ಣೆಯ ಜೊತೆ ಕಟ್ಟಿಗೆಯ ಸಂದಿಯಿಂದ ಒಳಗಿಳಿದು, ಹನ್ನೊಂದು ವರ್ಷ ಪದರದ ಮೇಲೆ ಪದರ ಕೂತಿತ್ತು. ತುಕಡಿಯಲ್ಲೇ ಅತಿ ಹೆಚ್ಚು ಜೋಪಾನ ಮಾಡಿಸಿಕೊಂಡ ರೈಫಲ್ ಅತಿ ಹೆಚ್ಚು ಕೆಟ್ಟಿತ್ತು.

ಅವರು ಎದ್ದು ಹೊರಗೆ ಹೋಗಿ ಬೇವಿನ ಮರದ ಕಟ್ಟೆಯ ಮೇಲೆ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ಇದನ್ನ ಮಂದಿಗೆ ಹೆಂಗ ಹೇಳ್ಲಿ?" ಎಂದರು. "ದೇವರ ಗುರಿ ತಪ್ಪಿಸ್ಯಾನ ಅನ್ಲೇನು?"

"ಹವಾಲ್ದಾರ್ರ, ನನ್ನ ಡಿಗ್ರಿ ಕಾಗದ ಬಂದ ದಿನ ನಮ್ಮವ್ವ ಅದನ್ನ ದೇವರ ಮುಂದ ಇಟ್ಟು ಕುಂಕುಮ ಹಚ್ಯಾಳ. ಹಚ್ಚಿದ್ದು ಸರೀ ರಿಜಿಸ್ಟ್ರಾರರ ಸಹಿ ಮ್ಯಾಲೆ."

ಅವರು ತಲೆ ಎತ್ತಿದರು. "ಇನ್ನ ಓದಾಕ ಬರ್ತೈತೇನ್ರಿ ಅದು?"

"ಸಹಿ ಒಂದು ಬಿಟ್ಟು ಎಲ್ಲಾ ಬರ್ತೈತಿ."

ಮೀಸೆಯೊಳಗೇ ನಕ್ಕರು. ಆಮೇಲೆ ಜೋರಾಗಿಯೇ ನಕ್ಕರು. ಎದ್ದು ಒಳಗೆ ಬಂದು ಸಾಬರ ಕೈಯಿಂದ ಬಿದಿರಿನ ಸೀಳನ್ನು ತೆಗೆದುಕೊಂಡರು.

"ಕೊಡ್ರಿ ಇಲ್ಲೆ. ಹಚ್ಚಿದಾವ ನಾನು, ತಗಿಯಾವನೂ ನಾನs."

ಚಾಕು ಮುಟ್ಟಿಸಿದರೆ ಕಟ್ಟಿಗೆ ಕಿತ್ತು ಬರುತ್ತದೆ. ಬಿದಿರು ಲಪ್ಪವನ್ನು ಮಾತ್ರ ಕೆರೆಯುತ್ತದೆ. ಎರಡು ಮಧ್ಯಾಹ್ನ ಅವರು ಕೂತು ಕೆರೆದರು. ಉದುರಿದ ಪುಡಿಯನ್ನು ನೆಲಕ್ಕೆ ಬೀಳಗೊಡದೆ ಹಾಳೆಯಲ್ಲಿ ಕಟ್ಟಿಟ್ಟು ಹಳ್ಳದ ನೀರಿಗೆ ಬಿಟ್ಟು ಬಂದರು. ಆಮೇಲೆ ಸಾಬರು ನಳಿಕೆಗೆ ದೀಪದ ಮಸಿ ತೆಳ್ಳಗೆ ಹಚ್ಚಿ, ಕಟ್ಟಿಗೆಯಲ್ಲಿ ಕೂಡಿಸಿ, ಬಿಚ್ಚಿ ನೋಡಿದರು. ಕಟ್ಟಿಗೆ ಎಲ್ಲಿ ತಾಗುತ್ತದೋ ಅಲ್ಲಿ ಮಸಿ ಹತ್ತುತ್ತದೆ. ತಾಗಬಾರದ ಕಡೆ ಉಳಿದಿದ್ದ ಕಲೆಗಳನ್ನು ಉಜ್ಜಿ ತೆಗೆದು, ಮತ್ತೆ ಮಸಿ, ಮತ್ತೆ ಕೂಡಿಸುವುದು. ಏಳನೆಯ ಸಲಕ್ಕೆ ಎರಡೂ ಕಡೆ ಸಮ ಬಂತು. ಕಾಗದದ ಪಟ್ಟಿ ಅಡ್ಡಿಯಿಲ್ಲದೆ ಹರಿದಾಡಿತು.

ಗೆದ್ದೆವು ಎಂದುಕೊಂಡು ಸಾಬರನ್ನೂ ಕರೆದುಕೊಂಡು ಚಾಂದಮಾರಿಗೆ ಹೋದರೆ ಮೊದಲ ಗುಂಡೇ ಹಲಗೆಗೆ ಸಿಗಲಿಲ್ಲ. ಎರಡನೆಯದು ಹಲಗೆಯ ಎಡಕ್ಕೆ, ಕೆಳಗೆ, ಮಣ್ಣಿನಲ್ಲಿ ಹೂತಿತು.

"ಆತು," ಎಂದರು ಹವಾಲ್ದಾರರು, ರೈಫಲ್ ಕೆಳಗಿಟ್ಟು. "ಇದ್ದ ಮೂರೂ ಹೋದ್ವು. ವಿಭೂತಿ ಇದ್ದಾಗ ಮೂರರೆ ಬೀಳತಿದ್ವು!"

ಸಾಬರು ಮಾತ್ರ ನಳಿಕೆಯ ತುದಿಯಲ್ಲಿನ ಗುರಿಮೊನೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದರು. ಅದು ನಟ್ಟನಡುವೆ ಇರಲಿಲ್ಲ. ಒಂದು ಪಕ್ಕಕ್ಕೆ ಸರಿದಿತ್ತು. ಲಪ್ಪ ಬೆಳೆಯುತ್ತ ನಳಿಕೆಯನ್ನು ತಳ್ಳಿದಂತೆಲ್ಲ, ಹಿಂದಿನ ರಿಪೇರಿಯವರು ವರ್ಷಕ್ಕಿಷ್ಟು ಗುರಿಮೊನೆಯನ್ನೇ ಸರಿಸಿ ತಪ್ಪಿಗೆ ತಪ್ಪು ಜೋಡಿಸಿದ್ದರು. ಒಂದು ತಪ್ಪನ್ನು ತೆಗೆದಿದ್ದೆವು, ಇನ್ನೊಂದು ಹಾಗೇ ಉಳಿದಿತ್ತು.

ತೋಟಾ ಎಂಟು ಉಳಿದಿದ್ದವು. ಆರುನೂರು ಗಜದಲ್ಲಿ ಹುಡುಕುತ್ತ ಕೂತರೆ ಅವೆಲ್ಲ ಮಣ್ಣುಪಾಲು. ನೂರು ಗಜಕ್ಕೆ ಬಂದೆವು. ಅಲ್ಲಿ ಒಂದು ಅಂಗುಲ ತಪ್ಪಿದರೆ ಆರುನೂರರಲ್ಲಿ ಆರು ಅಂಗುಲ. ಲೆಕ್ಕ ಹಿಡಿಯುವುದು ಸುಲಭ. ಮೂರು ಗುಂಡು ಹೊಡೆಸಿ, ಬಿದ್ದ ಜಾಗ ಅಳೆದೆ. ಸಾಬರು ಗುರಿಮೊನೆಯ ಬದಿಗೆ ತಾಮ್ರದ ತುಂಡಿಟ್ಟು, ಕೂದಲೆಳೆಯಷ್ಟು ಸರಿಯುವಂತೆ ಸುತ್ತಿಗೆ ತಟ್ಟಿದರು. ಇನ್ನೆರಡು ಗುಂಡು. ಒಂದರ ಪಕ್ಕ ಒಂದು. ಎತ್ತರದ ವ್ಯತ್ಯಾಸವನ್ನು ಕಣ್ಣಿನ ಹತ್ತಿರದ ಹಿಂಬದಿ ಗುರಿಪಟ್ಟಿಯಲ್ಲೇ ಸರಿದೂಗಿಸಿ, ಆರುನೂರಕ್ಕೆ ಹೋಗಿ ಕೊನೆಯ ಮೂರನ್ನೂ ಹೊಡೆಸಿದೆ. ಮೂರೂ ಕಪ್ಪಿಗೆ ಬಿದ್ದವು. ಆದರೆ ಮೂರು ಹಿಂದೆಯೂ ಬೀಳುತ್ತಿದ್ದವು. ನಳಿಕೆ ಕಾದ ಮೇಲೆ ಏನಾಗುತ್ತದೆಂದು ನೋಡಲು ತೋಟಾ ಉಳಿದಿರಲಿಲ್ಲ.

ಪರೀಕ್ಷೆಯ ಬೆಳಗ್ಗೆ, ಗುಂಡು ಹಾರುವ ಮುಂಚೆಯೇ, ನಡೆದದ್ದನ್ನೆಲ್ಲ ಎರಡು ಪುಟ ಬರೆದು ಇನ್ಸ್‌ಪೆಕ್ಟರರ ಕೈಗೆ ಕೊಟ್ಟೆ. ಹವಾಲ್ದಾರರು ಪಾಸಾದ ಮೇಲೆ ಕೊಟ್ಟರೆ ಜಂಬವಾಗುತ್ತದೆ, ಫೇಲಾದ ಮೇಲೆ ಕೊಟ್ಟರೆ ನೆಪವಾಗುತ್ತದೆ. ಅವರು ಮೊದಲ ನಾಲ್ಕು ಸಾಲು ಓದಿ ನನ್ನನ್ನು ದುರುಗುಟ್ಟಿ ನೋಡಿ, ಮಡಚಿ ಜೇಬಿಗಿಟ್ಟರು.

"ಮುಂದ ಹೊಡೀಲಿ. ಆಮ್ಯಾಲೆ ನಿನ್ನ ಪಾಳಿ."

ಹತ್ತು ಗಂಟೆ. ಬಿಸಿಲುಗುದುರೆ ಏಳುವುದಕ್ಕೆ ಶುರುವಾಗಿತ್ತು. ಹವಾಲ್ದಾರರು ಮಲಗಿ, ಎಡಗೈಗೆ ರೈಫಲಿನ ಪಟ್ಟಿ ಸುತ್ತಿಕೊಂಡು, ಅರಳೆಯ ಕೋಲುಗಳನ್ನು ಹತ್ತಿರದ್ದರಿಂದ ದೂರದ್ದಕ್ಕೆ ಒಂದೊಂದಾಗಿ ನೋಡಿದರು. ಮೊದಲನೆಯದು ಕಪ್ಪು. ಎರಡನೆಯದು ಕಪ್ಪು. ಮೂರನೆಯದು ಉಂಗುರ. ನಾನು ಪುಸ್ತಕದಲ್ಲಿ ಅಂಕೆ ಹಾಕುತ್ತಿದ್ದೆ. ನಾಲ್ಕಕ್ಕೆ ಬಂದಾಗ ಪೆನ್ಸಿಲು ಬೆವರಿಗೆ ಜಾರಿತು. ನಾಲ್ಕು ಕಪ್ಪು. ಐದು ಕಪ್ಪು. ಆರನೆಯದು ಉಂಗುರ, ಆದರೆ ಎಡಕ್ಕೆ. ಎಡಕ್ಕೆ ಎಂದು ಕಂದಕದಿಂದ ಗುರುತು ಬಂದಾಗ ನನಗಾದ ಸಂತೋಷವನ್ನು ಯಾರಿಗೂ ತಿಳಿಸಿ ಹೇಳಲಾರೆ. ಬಲಕ್ಕೆ ಮೇಲಕ್ಕೆ ನಡೆಯುವ ಚಾಳಿ ಹೋಗಿತ್ತು. ಇದು ಗಾಳಿಯ ತಪ್ಪು, ಮನುಷ್ಯನ ತಪ್ಪು. ಇಂಥವು ಎಲ್ಲರಿಗೂ ಆಗುತ್ತವೆ. ಏಳು ಕಪ್ಪು. ಎಂಟು ಕಪ್ಪು.

ಅಲ್ಲಿಗೆ ಸರಿಯಾಗಿ ಮೂವತ್ತಾಯಿತು. ಪಾಸು.

"ಸಾಕು, ಏಳಯ್ಯಾ," ಎಂದರು ಇನ್ಸ್‌ಪೆಕ್ಟರರು.

"ಇನ್ನ ಎರಡು ಅದಾವ್ರಿ," ಎಂದರು ಹವಾಲ್ದಾರರು, ತಲೆ ತಿರುಗಿಸದೆ.

ಒಂಬತ್ತನೆಯದನ್ನು ಗಾಳಿ ಹೊಯ್ದುಕೊಂಡು ಹಲಗೆಯ ಮೂಲೆಗೆ ಹಾಕಿತು. ಹತ್ತನೆಯದಕ್ಕೆ ಅವರು ಎಷ್ಟು ಹೊತ್ತು ಕಾದರೆಂದರೆ ಇನ್ಸ್‌ಪೆಕ್ಟರರು ಗಡಿಯಾರ ತೆಗೆದರು. ಎಲ್ಲ ಅರಳೆಗಳೂ ಜೋತುಬಿದ್ದ ಒಂದು ಗಳಿಗೆಯಲ್ಲಿ ಗುಂಡು ಹೋಯಿತು. ನಟ್ಟನಡುವೆ. ಒಟ್ಟು ಮೂವತ್ತೈದು.

ಇನ್ಸ್‌ಪೆಕ್ಟರರು ಜೇಬಿನಿಂದ ನನ್ನ ಕಾಗದ ತೆಗೆದು ನಿಂತಲ್ಲೇ ಪೂರ್ತಿ ಓದಿದರು.

"ನನ್ನ ಕೇಳಬೇಕಾಗಿತ್ತು."

"ಕೇಳಿದ್ರ ಬ್ಯಾಡ ಅಂತಿದ್ರಿ ಸಾರ್."

"ಅಂತಿದ್ದೆ. ಅದಕ್ಕs ಕೇಳಬೇಕಾಗಿತ್ತು." ಕಾಗದವನ್ನು ಮತ್ತೆ ಮಡಚುತ್ತ, "ಇದು ಬರೇ ಈತನ ರೈಫಲೇನು, ಎಲ್ಲಾರದೂ ಹಿಂಗ ಐತೇನು?" ಎಂದರು.

ನನ್ನ ಸರ್ವೀಸು ಪುಸ್ತಕದಲ್ಲಿ ಒಂದು ಎಚ್ಚರಿಕೆ ಬಿತ್ತು, ಪ್ರೊಬೇಶನ್ ಮೂರು ತಿಂಗಳು ಉದ್ದವಾಯಿತು. ಅದು ನ್ಯಾಯವೇ. ಹವಾಲ್ದಾರರ ಹಾಳೆಯಲ್ಲಿ ದೃಷ್ಟಿ ಸರಿಯಾಗಿದೆ ಎಂದು ಬರೆದು ನಾನೇ ಸಹಿ ಮಾಡಿದೆ. ಇಪ್ಪತ್ತೆರಡು ರೈಫಲುಗಳಿಗೂ ಕಾಗದ ತೂರಿಸಿ ನೋಡಬೇಕೆಂದು ಹುಕುಂ ಆಯಿತು. ಏಳರಲ್ಲಿ ಕಾಗದ ಸಿಕ್ಕಿಕೊಂಡಿತು. ವಿಭೂತಿ, ಕುಂಕುಮ, ಭಂಡಾರ. ಒಬ್ಬನದರಲ್ಲಿ ದರ್ಗಾದಿಂದ ತಂದ ಊದಿನ ಬೂದಿ.

ಆ ಸೋಮವಾರ ತುಕಡಿಯನ್ನು ಸಾಲಾಗಿ ನಿಲ್ಲಿಸಿದೆ. ವಿವರಿಸಬೇಕಾದವನು ನಾನು. ಉಕ್ಕು, ಉಷ್ಣ, ಒತ್ತಡ ಎಂದು ಒಂದು ಪಾಠವನ್ನೂ ಸಿದ್ಧಮಾಡಿಕೊಂಡಿದ್ದೆ. ಹವಾಲ್ದಾರರು ಮುಂದೆ ಬಂದು, "ನಾ ಹೇಳ್ತೀನಿ ಬಿಡ್ರಿ" ಎಂದರು. ತಮ್ಮ ರೈಫಲನ್ನು ಎತ್ತಿ ಹಿಡಿದು, ಹನ್ನೊಂದು ವರ್ಷ ತಾವು ಮಾಡಿದ್ದನ್ನು, ಅದು ಒಳಗೆ ಹೋಗಿ ಕೂತದ್ದನ್ನು, ಬಿದಿರಿನಿಂದ ಕೆರೆದದ್ದನ್ನು ಒಂದನ್ನೂ ಬಿಡದೆ ಹೇಳಿದರು. ಇನ್ನು ಮುಂದೆ ಯಾರೂ ಕಟ್ಟಿಗೆಗೆ ಏನೂ ಹಚ್ಚಬಾರದು, ಹಚ್ಚುವುದಿದ್ದರೆ ತಮ್ಮ ಹಣೆಗೆ ಹಚ್ಚಿಕೊಂಡು ಬರಬೇಕು ಎಂದರು.

ಹಿಂದಿನ ಸಾಲಿನಿಂದ ಒಬ್ಬ ಪೇದೆ, ಸ್ವಲ್ಪ ತುಂಟ, ಕೇಳಿದ: "ಹಂಗಾರ ದೇವರಿಗೆ ಏನ್ ಹೇಳೂದ್ರಿ ಹವಾಲ್ದಾರ್ರ?"

"ದೇವರಿಗೆ ನಾ ಹೇಳೀನಿ," ಎಂದರು ಅವರು. "ನೀ ಕಾಗದ ತೂರಸು."